ಏಪ್ರಿಲ್‌ನ ಪಾಯಿಂಟ್ಸ್ ಟೇಬಲ್ ನೋಡಿ ಮೇ ತಿಂಗಳು ಹೇಳಬಹುದಾ?

2024ರ ಐಪಿಎಲ್ ನೆನಪು ಮಾಡಿಕೊಳ್ಳಿ. ಏಪ್ರಿಲ್ 22ರ ರಾತ್ರಿ ಮೂರು ತಂಡಗಳು ತಲಾ ಎಂಟು ಪಂದ್ಯ ಆಡಿ ಮುಗಿಸಿದ್ದವು. ರಾಜಸ್ಥಾನ್ ರಾಯಲ್ಸ್ ಹತ್ತಿರ 14 ಪಾಯಿಂಟ್. ಮುಂಬೈ ಇಂಡಿಯನ್ಸ್ ಹತ್ತಿರ 6. ನಮ್ಮ ಆರ್‌ಸಿಬಿ ಹತ್ತಿರ 2.

ಒಬ್ಬೊಬ್ಬರಿಗೂ ಇನ್ನು ಆರೇ ಪಂದ್ಯ ಬಾಕಿ. ಆ ಆರು ಪಂದ್ಯದಲ್ಲಿ ರಾಜಸ್ಥಾನಕ್ಕೆ ಸಿಕ್ಕಿದ್ದು 3 ಪಾಯಿಂಟ್, ಮುಂಬೈಗೆ 2, ಆರ್‌ಸಿಬಿಗೆ 12. ಅಂದ್ರೆ ಪೂರ್ತಿ ಆರಕ್ಕೆ ಆರು ಗೆಲುವು. ಕೊನೆಗೆ ಮುಂಬೈ ಹತ್ತನೇ ಸ್ಥಾನಕ್ಕೆ ಇಳಿಯಿತು, ಆರ್‌ಸಿಬಿ ನಾಲ್ಕನೇ ಸ್ಥಾನಕ್ಕೆ ಏರಿ ಪ್ಲೇ ಆಫ್‌ಗೆ ಹೋಯಿತು.

ಇದನ್ನೆಲ್ಲ ಈಗ ಹೇಳೋದು ಸುಲಭ. ಆ ಏಪ್ರಿಲ್ 22ರ ರಾತ್ರಿ ಕೂತು, ಕೈಯಲ್ಲಿರೋ ಮಾಹಿತಿ ಇಟ್ಟುಕೊಂಡೇ, ಯಾರು ಏರ್ತಾರೆ ಯಾರು ಇಳೀತಾರೆ ಅಂತ ಸ್ವಲ್ಪನಾದ್ರೂ ಅಂದಾಜು ಮಾಡೋಕೆ ಆಗ್ತಿತ್ತಾ? ನನಗೆ ಈ ಪ್ರಶ್ನೆ ಕಾಡೋಕೆ ಒಂದು ಕಾರಣ ಇದೆ. ಅರಸೀಕೆರೆಯಲ್ಲಿರೋ ನನ್ನ ಚಿಕ್ಕಪ್ಪನ ಮಗ ಆ ಸೀಸನ್‌ನಲ್ಲಿ ಒಂದು ಫ್ಯಾಂಟಸಿ ಆಪ್‌ನಲ್ಲಿ ದುಡ್ಡು ಹಾಕಿದ್ದ. ಅವನ ಲೆಕ್ಕ ತೀರಾ ಸರಳ. ಟೇಬಲ್‌ನಲ್ಲಿ ಮೇಲಿರೋ ತಂಡದವರನ್ನ ತುಂಬ್ಕೋ, ಕೆಳಗಿರೋರನ್ನ ಬಿಡು. ಏಪ್ರಿಲ್ ಪೂರ್ತಿ ಈ ಲೆಕ್ಕ ಚೆನ್ನಾಗೇ ನಡೆಯಿತು. ಹಾಗಾಗಿ ಮೇ ತಿಂಗಳಲ್ಲಿ ಮೊತ್ತ ಜಾಸ್ತಿ ಮಾಡಿದ. ರಾಜಸ್ಥಾನ ಸೋಲೋಕೆ ಶುರು ಮಾಡಿದಾಗ, ಇಷ್ಟು ಒಳ್ಳೆ ತಂಡ ಎಷ್ಟು ದಿನ ಸೋಲುತ್ತೆ ಅಂತ ಇನ್ನಷ್ಟು ಹಾಕಿದ. ಬೈಕಿನ ನಾಲ್ಕು ಕಂತು ಕಟ್ಟೋ ದುಡ್ಡು ಹೋಯಿತು. ಚಿಕ್ಕಮ್ಮನಿಗೆ ಗೊತ್ತಾಗಿದ್ದು ಫೈನಾನ್ಸ್‌ನವರ ಫೋನ್ ಬಂದ ಮೇಲೆ.

"ಅಣ್ಣ, ನೀನು ಇಂಜಿನಿಯರ್ ಅಲ್ವಾ, ಡೇಟಾ ನೋಡ್ತೀಯ. ಇದು ಮೊದಲೇ ಗೊತ್ತಾಗ್ತಿತ್ತಾ ಹೇಳು" ಅಂತ ಅವನು ಕೇಳಿದ. ಸ್ಕೋರ್‌ಕಾರ್ಡ್‌ಗಳನ್ನ ಒಂದು ಶೀಟ್‌ಗೆ ಹಾಕಿಕೊಂಡು ಕೂತೆ. ಸಿಕ್ಕ ಉತ್ತರ ಅವನು ಬಯಸಿದಷ್ಟು ಸರಳವಾಗಿಲ್ಲ.

ಗೆಲುವಲ್ಲ, ಗೆದ್ದ ರೀತಿ

ಪಾಯಿಂಟ್ಸ್ ಟೇಬಲ್‌ನ ದೊಡ್ಡ ದೋಷ ಏನಂದ್ರೆ ಅದಕ್ಕೆ ಎಲ್ಲ ಗೆಲುವೂ ಒಂದೇ. ನೂರು ರನ್‌ನಿಂದ ಗೆದ್ದರೂ ಎರಡು ಪಾಯಿಂಟ್, ಕೊನೇ ಬಾಲ್‌ನಲ್ಲಿ ಬ್ಯಾಟ್ ಅಂಚಿಗೆ ತಾಗಿ ಗೆದ್ದರೂ ಎರಡು ಪಾಯಿಂಟ್. ಕಂಪನಿಯಲ್ಲಿ ವರ್ಷದ ರೇಟಿಂಗ್ ಕೊಟ್ಟ ಹಾಗೆ. ಒಳಗೆ ಏನಾಯ್ತು ಅನ್ನೋದು ಒಂದು ಅಂಕಿಯ ಹಿಂದೆ ಮುಚ್ಚಿ ಹೋಗುತ್ತೆ.

ನನ್ನ ಕಾಲೇಜಿನ ಗೆಳೆಯನೊಬ್ಬ ಅಮೆರಿಕದ ರಾಲೀ ಊರಿನಲ್ಲಿದ್ದಾನೆ. ಅಲ್ಲಿ ಕ್ರಿಕೆಟ್ ಜಾಗದಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್. ಮುನ್ನೂರ ಅರವತ್ತು ಚಿಲ್ಲರೆ ತಂಡಗಳು ನವೆಂಬರ್‌ನಿಂದ ಆಡುತ್ತವೆ, ಅದರಲ್ಲಿ 68 ತಂಡ ಮಾರ್ಚ್‌ನ ದೊಡ್ಡ ಟೂರ್ನಿಗೆ ಹೋಗುತ್ತವೆ. ಜನವರಿ ಬಂದರೆ ಅಲ್ಲಿನ ಜನಕ್ಕೆಲ್ಲ ಇದೇ ಚರ್ಚೆ. ಯಾವ ತಂಡದ ದಾಖಲೆ ಸುಳ್ಳು, ಯಾವುದು ನಿಜ. ಆ ದೇಶದ ಹವಾಮಾನ ಇಲಾಖೆಯಲ್ಲಿದ್ದ ಕೆನ್ ಪೊಮೆರಾಯ್ ಅನ್ನೋರು ಇದಕ್ಕಾಗಿ ಒಂದು ರೇಟಿಂಗ್ ಮಾಡಿದ್ದಾರೆ. ಮಳೆ ಬರುತ್ತೋ ಇಲ್ವೋ ಅಂತ ಹೇಳುವವರು ಈ ಕೆಲಸಕ್ಕೆ ಬಂದಿದ್ದು ಸರಿಯಾಗೇ ಇದೆ. ಅವರು ಗೆಲುವು ಸೋಲು ಎಣಿಸಲ್ಲ. ನೂರು ಸಲ ಚೆಂಡು ಕೈಗೆ ಬಂದರೆ ಎಷ್ಟು ಅಂಕ ಹೊಡೀತಾರೆ, ಎಷ್ಟು ಬಿಟ್ಟುಕೊಡ್ತಾರೆ, ಎದುರಾಳಿ ಎಂಥವರು, ಇಷ್ಟನ್ನ ನೋಡ್ತಾರೆ. ಆ ಪಟ್ಟಿಯಲ್ಲಿ 'ಅದೃಷ್ಟ' ಅಂತಲೇ ಒಂದು ಕಾಲಂ ಇದೆ. ಅಂಕಗಳ ಲೆಕ್ಕದಲ್ಲಿ ಇಷ್ಟು ಪಂದ್ಯ ಗೆಲ್ಲಬೇಕಿತ್ತು, ಗೆದ್ದಿದ್ದು ಇಷ್ಟು; ಆ ವ್ಯತ್ಯಾಸವೇ ಅದೃಷ್ಟ. ಆ ಕಾಲಂನಲ್ಲಿ ತೀರಾ ಮೇಲಿರೋ ತಂಡದ ಬಗ್ಗೆ ಹುಷಾರಾಗಿರಬೇಕು.

ನಮಗೆ ಕ್ರಿಕೆಟ್‌ನಲ್ಲಿ ಕೈಗೆ ಸಿಗೋದು ನೆಟ್ ರನ್ ರೇಟ್. ನಾವು ಓವರಿಗೆ ಹೊಡೆದ ಸರಾಸರಿ ರನ್ನಿನಿಂದ, ಎದುರಾಳಿ ನಮ್ಮ ಮೇಲೆ ಓವರಿಗೆ ಹೊಡೆದಿದ್ದನ್ನ ಕಳೆಯೋದು. ಒರಟು ಅಳತೆ. ಆದರೂ ಬರೀ ಪಾಯಿಂಟ್‌ಗಿಂತ ವಾಸಿ.

ರಾಜಸ್ಥಾನದ ಗೆಲುವುಗಳನ್ನ ಈ ಕಣ್ಣಲ್ಲಿ ನೋಡಿ. ಪಂಜಾಬ್ ಮೇಲೆ 148 ರನ್ ಬೆನ್ನಟ್ಟಿ ಗೆದ್ದಿದ್ದು ಒಂದೇ ಬಾಲ್ ಉಳಿದಿದ್ದಾಗ. ಈಡನ್ ಗಾರ್ಡನ್ಸ್‌ನಲ್ಲಿ ಕೆಕೆಆರ್‌ನ 223 ರನ್ ಬೆನ್ನಟ್ಟಿ ಗೆದ್ದಿದ್ದು ಕೊನೇ ಬಾಲ್‌ನಲ್ಲಿ, ಜೋಸ್ ಬಟ್ಲರ್ ಒಬ್ಬರೇ ನಿಂತು 107 ಹೊಡೆದು. ಇವೆರಡು ಆ ಕಡೆ ಹೋಗಿದ್ದರೆ 14 ಪಾಯಿಂಟ್ 10 ಆಗಿರುತ್ತಿತ್ತು. ಹಾಗಂತ ಅವರದ್ದು ಬರೀ ಅದೃಷ್ಟ ಅಂತ ಹೇಳೋದು ಅನ್ಯಾಯ. ಆಗ ಅವರು ಸೋತಿದ್ದ ಒಂದೇ ಪಂದ್ಯ, ಗುಜರಾತ್ ವಿರುದ್ಧದ್ದು, ಅದೂ ಕೊನೇ ಬಾಲ್‌ನಲ್ಲೇ ಹೋಗಿತ್ತು. ಮುಂಬೈಯನ್ನ ಎರಡು ಸಲ ಸುಲಭವಾಗಿ ಸೋಲಿಸಿದ್ದರು. ಒಳ್ಳೆ ತಂಡವೇ. ಆದರೆ ಎಂಟರಲ್ಲಿ ಏಳು ಗೆಲ್ಲೋಷ್ಟು ಒಳ್ಳೆ ತಂಡ ಅಲ್ಲ. ಅಂಥ ತಂಡ ಐಪಿಎಲ್‌ನಲ್ಲಿ ಇರೋದೇ ಅಪರೂಪ. ಹರಾಜು, ಸಂಬಳದ ಮಿತಿ ಎಲ್ಲ ಸೇರಿ ಹತ್ತೂ ತಂಡಗಳನ್ನ ಹತ್ತಿರ ಹತ್ತಿರ ತಂದಿಟ್ಟಿವೆ.

ಇನ್ನೊಂದು ವಿಷಯ ಯಾವ ಟೇಬಲ್‌ನಲ್ಲೂ ಇರಲಿಲ್ಲ, ಕ್ಯಾಲೆಂಡರ್‌ನಲ್ಲಿ ಇತ್ತು. ಮೇ 22ಕ್ಕೆ ಇಂಗ್ಲೆಂಡ್–ಪಾಕಿಸ್ತಾನ ಟಿ20 ಸರಣಿ ಶುರು. ಇಂಗ್ಲೆಂಡ್ ನಾಯಕ ಬಟ್ಲರ್. ಅಂದ್ರೆ ಸೀಸನ್ ಮುಗಿಯೋ ಮುಂಚೆ ಅವರು ಹೊರಡೋ ಸಾಧ್ಯತೆ ಜೋರಾಗೇ ಇತ್ತು. ಹೊರಟರು ಕೂಡ. ಅಷ್ಟೊತ್ತಿಗೆ ಕುಸಿತ ಶುರುವಾಗಿತ್ತು ಅನ್ನೋದೂ ನಿಜ. ಹೈದರಾಬಾದ್ ಹತ್ತಿರ 1 ರನ್‌ನಿಂದ, ಡೆಲ್ಲಿ ಹತ್ತಿರ 20 ರನ್‌ನಿಂದ, ಚೆನ್ನೈ ಮತ್ತು ಪಂಜಾಬ್ ಹತ್ತಿರ 5 ವಿಕೆಟ್‌ನಿಂದ, ಹೀಗೆ ಸಾಲಾಗಿ ನಾಲ್ಕು ಸೋಲು. ಕೊನೇ ಪಂದ್ಯ ಗುವಾಹಟಿಯಲ್ಲಿ ಮಳೆಗೆ ಹೋಯಿತು. ಗಮನಿಸಿ, ಏಪ್ರಿಲ್‌ನಲ್ಲಿ ಕೊನೇ ಬಾಲ್ ಅವರ ಕೈ ಹಿಡಿದಿತ್ತು, ಮೇ 2ರಂದು ಅದೇ ಕೊನೇ ಬಾಲ್ ಕೈ ಬಿಟ್ಟಿತು.

ಆರ್‌ಸಿಬಿ ವಿಷಯ ಮಾತ್ರ ಕಷ್ಟ

ಇಲ್ಲಿ ಅಂಕಿ ಅಂಶದವರು ಕಾಲರ್ ಎತ್ತೋ ಹಾಗಿಲ್ಲ. ಎಂಟು ಪಂದ್ಯ ಆದಾಗ ಆರ್‌ಸಿಬಿ ನೆಟ್ ರನ್ ರೇಟ್ ಮೈನಸ್ 1ರ ಆಸುಪಾಸಿನಲ್ಲಿತ್ತು. ಅಂದ್ರೆ ಪ್ರತಿ ಪಂದ್ಯದಲ್ಲೂ ಸರಾಸರಿ ಇಪ್ಪತ್ತು ರನ್ ಹಿಂದೆ. ಮುಂಬೈನಲ್ಲಿ 27 ಬಾಲ್ ಉಳಿಸಿ ಸೋಲಿಸಿದ್ದರು. ಹೈದರಾಬಾದ್‌ನವರು ಚಿನ್ನಸ್ವಾಮಿಗೇ ಬಂದು 287 ಹೊಡೆದಿದ್ದರು. ಆ ದಿನ ನಮ್ಮ ನಾಲ್ಕು ಬೌಲರ್‌ಗಳು ತಲಾ ಐವತ್ತಕ್ಕಿಂತ ಹೆಚ್ಚು ರನ್ ಕೊಟ್ಟರು. ಇದನ್ನ ನೋಡಿ 'ಈ ತಂಡ ದುರದೃಷ್ಟದ್ದು, ಇನ್ನು ಆರು ಗೆಲ್ಲುತ್ತೆ' ಅಂತ ಯಾರಾದ್ರೂ ಹೇಳಿದ್ದರೆ ಅದು ಅಭಿಮಾನ, ವಿಶ್ಲೇಷಣೆ ಅಲ್ಲ.

ಆದರೂ ಕೆಲವು ಸುಳಿವು ಇದ್ದವು. ಎಂಟು ಪಂದ್ಯವನ್ನ ಒಟ್ಟಿಗೆ ಕಲಸಿ ನೋಡಿದರೆ ಅವು ಕಾಣಲ್ಲ.

ಕೊನೇ ಎರಡು ಪಂದ್ಯ ಬೇರೆ ಮಾಡಿ. 288 ಬೆನ್ನಟ್ಟೋಕೆ ಹೋಗಿ 262 ಹೊಡೆದರು. ಸೋತರು, ನಿಜ. ಆದರೆ 262! ಮುಂದಿನ ಪಂದ್ಯ ಕೋಲ್ಕತ್ತದಲ್ಲಿ, 222 ಇತ್ತು, 221ಕ್ಕೆ ಆಲ್‌ಔಟ್. ಒಂದೇ ರನ್. ಸೋತ ಪಂದ್ಯಗಳು ಅಂತ ಪಕ್ಕಕ್ಕೆ ಇಟ್ಟರೆ ಬ್ಯಾಟಿಂಗ್ ಬದಲಾಗಿದ್ದು ಕಣ್ಣಿಗೆ ಬೀಳಲ್ಲ. ಶುರುವಿನಲ್ಲಿ ರನ್ ಸಿಗದೆ ಒದ್ದಾಡಿದ್ದ ರಜತ್ ಪಾಟೀದಾರ್ ಆ ಕೋಲ್ಕತ್ತ ಪಂದ್ಯದಲ್ಲಿ 23 ಬಾಲ್‌ಗೆ 52 ಹೊಡೆದಿದ್ದರು. ಮ್ಯಾಕ್ಸ್‌ವೆಲ್ ತಾವೇ ವಿಶ್ರಾಂತಿ ಕೇಳಿ ಹೊರಗೆ ಕೂತಿದ್ದರು, ವಿಲ್ ಜ್ಯಾಕ್ಸ್ ಮೂರನೇ ಕ್ರಮಾಂಕದಲ್ಲಿ ಆಡ್ತಿದ್ದರು. ಅಂದ್ರೆ ಮೊದಲ ಆರು ಪಂದ್ಯ ಆಡಿದ ತಂಡ ಬೇರೆ, ಏಪ್ರಿಲ್ 21ರಂದು ಆಡಿದ ತಂಡ ಬೇರೆ. ಜೆರ್ಸಿ ಮಾತ್ರ ಅದೇ.

ಬಾಕಿ ಇದ್ದ ಎದುರಾಳಿಗಳು ಯಾರು? ಹೈದರಾಬಾದ್, ಗುಜರಾತ್ ಎರಡು ಸಲ, ಪಂಜಾಬ್, ಡೆಲ್ಲಿ, ಚೆನ್ನೈ. ಗುಜರಾತ್ ಕೊನೆಗೆ ಎಂಟನೇ ಸ್ಥಾನ, ಪಂಜಾಬ್ ಒಂಬತ್ತನೇ ಸ್ಥಾನ. ಮೂರು ಪಂದ್ಯ ಚಿನ್ನಸ್ವಾಮಿಯಲ್ಲಿ. ಕೆಕೆಆರ್ ಜೊತೆಗಿನ ಎರಡೂ ಪಂದ್ಯ ಆಗಲೇ ಮುಗಿದಿದ್ದವು, ಆ ವರ್ಷ ಕಪ್ ಎತ್ತಿದ್ದು ಅವರೇ. ಕಷ್ಟದ ಪೇಪರ್ ಮೊದಲೇ ಬರೆದಾಗಿತ್ತು.

ಏಪ್ರಿಲ್ 25ರಂದು ಹೈದರಾಬಾದ್‌ನಲ್ಲಿ, ಹತ್ತು ದಿನದ ಹಿಂದೆ 287 ಹೊಡೆದವರ ಮುಂದೆ, ಆರ್‌ಸಿಬಿ ಸ್ವಪ್ನಿಲ್ ಸಿಂಗ್ ಅನ್ನೋ ಎಡಗೈ ಸ್ಪಿನ್ನರ್‌ನ ಇಳಿಸಿತು. ಒಂದೇ ಓವರ್‌ನಲ್ಲಿ ಮಾರ್ಕ್ರಮ್, ಕ್ಲಾಸೆನ್ ಇಬ್ಬರೂ ಔಟ್. 35 ರನ್ ಗೆಲುವು. ಆಮೇಲೆ ಅಹಮದಾಬಾದ್‌ನಲ್ಲಿ 201 ಬೆನ್ನಟ್ಟಿ 16 ಓವರ್‌ಗೇ ಮುಗಿಸಿದರು. ಜ್ಯಾಕ್ಸ್ 41 ಬಾಲ್‌ಗೆ ಶತಕ, ಅದರಲ್ಲಿ ಎರಡನೇ ಐವತ್ತು ಬಂದಿದ್ದು ಹತ್ತೇ ಬಾಲ್‌ಗೆ. ಆ ರಾತ್ರಿ ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಯಾರಿಗೂ ನಿದ್ದೆ ಇರಲಿಲ್ಲ ಅನ್ಸುತ್ತೆ. ಈ ಆರು ಪಂದ್ಯಗಳಲ್ಲಿ ಆರ್‌ಸಿಬಿ ಓವರಿಗೆ ಸುಮಾರು ಎರಡೂವರೆ ರನ್ ಮುಂದಿತ್ತು ಅಂತ ನನ್ನ ಶೀಟ್ ಹೇಳುತ್ತೆ. ಹಾಗಾಗಿ ಮೈನಸ್ 1ರಲ್ಲಿದ್ದ ರನ್ ರೇಟ್ ಕೊನೆಗೆ ಪ್ಲಸ್ 0.459 ಆಯಿತು. ಚೆನ್ನೈ, ಡೆಲ್ಲಿ, ಲಖನೌ, ಆರ್‌ಸಿಬಿ ನಾಲ್ಕಕ್ಕೂ 14 ಪಾಯಿಂಟ್. ಚೆನ್ನೈನ ರನ್ ರೇಟ್ 0.392. ಇಷ್ಟೇ ಅಂತರ.

ಸುಳಿವು ಇತ್ತು ಅಂದೆ. ಅದರಿಂದ ನ್ಯಾಯವಾಗಿ ಹೇಳಬಹುದಾಗಿದ್ದು 'ಈ ತಂಡ ಇನ್ನು ಇಷ್ಟು ಕೆಟ್ಟದಾಗಿ ಆಡಲ್ಲ, ಆರರಲ್ಲಿ ಮೂರೋ ನಾಲ್ಕೋ ಗೆಲ್ಲಬಹುದು' ಅಂತ ಮಾತ್ರ. ಆರಕ್ಕೆ ಆರು ಅಂತ ಹೇಳಿದ್ದರೆ ಅದು ಲಾಟರಿ. ಅದೂ ಸಾಲದು, 14 ಪಾಯಿಂಟ್ ಸಾಕಾಗಬೇಕಿತ್ತು. 2022ರಿಂದ ಹತ್ತು ತಂಡಗಳಾದ ಮೇಲೆ 2022, 2023, 2025, ಮೂರು ವರ್ಷವೂ ನಾಲ್ಕನೇ ಸ್ಥಾನದವರಿಗೆ 16 ಪಾಯಿಂಟ್ ಇತ್ತು. 2024 ಒಂದೇ ಅಪವಾದ.

ತೋಟದ ಲೆಕ್ಕ

ಇದನ್ನ ನನಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡವರು ನಮ್ಮ ಸೋದರಮಾವ. ಅವರಿಗೆ ಕ್ರಿಕೆಟ್ ಅಷ್ಟಕ್ಕಷ್ಟೇ. ಜಾವಗಲ್ ಶ್ರೀನಾಥ್ ನಿವೃತ್ತಿ ಆದ ಮೇಲೆ ಸರಿಯಾಗಿ ನೋಡಿಲ್ಲ ಅಂತಾರೆ. (ಜಾವಗಲ್ ನಮ್ಮ ತಾಲ್ಲೂಕಿನದೇ. ಶ್ರೀನಾಥ್ ಹುಟ್ಟಿದ್ದು ಮೈಸೂರಿನಲ್ಲಿ ಅಂತ ಎಷ್ಟು ಸಲ ಹೇಳಿದರೂ ಮಾವ ಒಪ್ಪಲ್ಲ. ಅವರು ಇಂಜಿನಿಯರಿಂಗ್ ಓದಿದವರು ಅನ್ನೋದನ್ನ ಮಾತ್ರ ನನಗೆ ನೂರು ಸಲ ಹೇಳಿದ್ದಾರೆ.) ಮಾವನದು ತೆಂಗಿನ ತೋಟ. ಅರಸೀಕೆರೆ ಸೀಮೆಯಲ್ಲಿ ತೋಟ ಅಂದ್ರೆ ತೆಂಗು, ಬೇರೆ ಹೇಳೋದು ಬೇಡ.

ತೆಂಗಿನ ಮರದಲ್ಲಿ ಹೊಂಬಾಳೆ ಒಡೆದು ಕಾಯಿ ಬಲಿಯೋಕೆ ಹೆಚ್ಚು ಕಮ್ಮಿ ಒಂದು ವರ್ಷ ಬೇಕು. ಆ ಹೊಂಬಾಳೆ ಮರದ ಒಳಗೆ ಮೂಡೋದು ಅದಕ್ಕೂ ಎರಡು ವರ್ಷಕ್ಕೂ ಹೆಚ್ಚು ಮುಂಚೆ. ಅಂದ್ರೆ ಇವತ್ತು ಕಿತ್ತ ಕಾಯಿ ಹೇಳೋದು ಇವತ್ತಿನ ಮರದ ಕಥೆ ಅಲ್ಲ. ಹೋದ ವರ್ಷದ ಮಳೆ, ಅದರ ಹಿಂದಿನ ವರ್ಷದ ಗೊಬ್ಬರ, ಆಗಿನ ಕಥೆ.

2023ರಲ್ಲಿ ಮುಂಗಾರು ಕೈಕೊಟ್ಟಿದ್ದು ಎಲ್ಲರಿಗೂ ನೆನಪಿದೆ. ರಾಜ್ಯದ ಬಹುಪಾಲು ತಾಲ್ಲೂಕುಗಳನ್ನ ಬರಪೀಡಿತ ಅಂತ ಘೋಷಿಸಿದರು. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ನಾವು ಟ್ಯಾಂಕರ್‌ಗೆ ಕಾಯ್ತಿದ್ದಾಗ, ಅದೇ ಆರ್‌ಸಿಬಿ ಸೋಲುತ್ತಿದ್ದ ಏಪ್ರಿಲ್‌ನಲ್ಲಿ, ಮಾವನ ತೋಟದಲ್ಲಿ ಕಾಯಿ ಪರವಾಗಿಲ್ಲ ಅನ್ನೋ ಹಾಗೇ ಬಂತು. ಬೋರ್‌ನಲ್ಲಿ ನೀರಿಲ್ಲ, ಗರಿ ಜೋತು ಬಿದ್ದಿದೆ, ಎಳೆ ಹರಳು ಉದುರುತ್ತಿದೆ. ಆದರೂ ಕಾಯಿ ಲೆಕ್ಕ ಚೆನ್ನಾಗಿದೆ. ವ್ಯಾಪಾರಿಯೊಬ್ಬರು ಆ ಕಾಯಿ ನೋಡಿ ಮುಂದಿನ ವರ್ಷಕ್ಕೂ ತೋಟ ಗುತ್ತಿಗೆ ಕೇಳಿದರು. ಮಾವ ನಕ್ಕರಂತೆ.

"ಅವ್ನು ನೋಡಿದ್ದು ಕೆಳಗೆ ಬಿದ್ದಿರೋ ಕಾಯಿ ಕಣೋ. ನಾನು ನೋಡೋದು ಮೇಲೆ, ಗೊನೇಲಿ ಹರಳು ನಿಂತಿದ್ಯಾ ಅಂತ."

ಏಟು ಬಿದ್ದಿದ್ದು 2025ಕ್ಕೆ. ಇಳುವರಿ ಕುಸಿಯಿತು. ರಾಜ್ಯದ ತುಂಬ ಕಾಯಿ ಕಮ್ಮಿಯಾಗಿ ಕೊಬ್ಬರಿ, ತೆಂಗಿನಕಾಯಿ ಬೆಲೆ ಮುಗಿಲಿಗೇರಿದ್ದು ಅಡುಗೆಮನೆಯಲ್ಲಿ ಎಲ್ಲರ ಅನುಭವಕ್ಕೂ ಬಂತು.

ಪಾಯಿಂಟ್ಸ್ ಟೇಬಲ್ ಕೆಳಗೆ ಬಿದ್ದ ಕಾಯಿ. ಮಾವ ನೋಡೋ ಹರಳು ಯಾವುದು ಅಂತ ಕ್ರಿಕೆಟ್‌ನಲ್ಲಿ ಹುಡುಕಬೇಕು. ಗೆದ್ದ ಅಂತರ, ಈಗ ಆಡ್ತಿರೋ ಹನ್ನೊಂದು ಜನ, ಬರೋರು ಹೋಗೋರು, ಬಾಕಿ ಇರೋ ಎದುರಾಳಿ.

ನಾಣ್ಯ ಚಿಮ್ಮಿದರೂ ಹೀಗೇ

ಚಿಕ್ಕಪ್ಪನ ಮಗನಿಗೆ ಒಂದು ಲೆಕ್ಕ ತೋರಿಸಿದೆ, ಅವನು ನಂಬಲಿಲ್ಲ. ಹತ್ತು ತಂಡಗಳೂ ಪೂರ್ತಿ ಸಮ ಅಂತ ಇಟ್ಟುಕೊಳ್ಳಿ. ಪ್ರತಿ ಪಂದ್ಯವೂ ನಾಣ್ಯ ಚಿಮ್ಮಿದ ಹಾಗೆ. ಎಂಟು ಪಂದ್ಯಕ್ಕೆ ಒಟ್ಟು 256 ರೀತಿ ಫಲಿತಾಂಶ ಬರಬಹುದು. ಅದರಲ್ಲಿ ಒಂದೇ ಗೆಲುವು ಇರೋದು 8, ಗೆಲುವೇ ಇಲ್ಲದ್ದು 1. ಒಟ್ಟು 9. ಅಂದ್ರೆ ನೂರಕ್ಕೆ ಮೂರೂವರೆ. ಕಮ್ಮಿ ಅನ್ಸುತ್ತೆ. ಆದರೆ ತಂಡ ಹತ್ತಿವೆಯಲ್ಲ. ಯಾವುದಾದರೂ ಒಂದು ತಂಡಕ್ಕೆ ಹೀಗಾಗೋ ಸಾಧ್ಯತೆ ನೂರಕ್ಕೆ ಮೂವತ್ತರ ಹತ್ತಿರ ಬರುತ್ತೆ. ಮೂರು ನಾಲ್ಕು ವರ್ಷಕ್ಕೊಂದು ಸಲ, ಯಾವ ತಪ್ಪೂ ಮಾಡದ ತಂಡವೊಂದು ಎಂಟರಲ್ಲಿ ಏಳು ಸೋತು ಕೂರಬಹುದು. ನಾವು ಟಿವಿ ಮುಂದೆ ಕೂತು ನಾಯಕನನ್ನ ಬದಲಾಯಿಸಿ ಅಂತ ಕೂಗ್ತೀವಿ.

ಹಾಗಂತ ಕೆಳಗಿರೋರೆಲ್ಲ ಏಳಲ್ಲ. ಇದು ಮರೆಯಬಾರದ ಮಾತು, ಯಾಕಂದ್ರೆ ಎದ್ದವರ ಕಥೆ ಮಾತ್ರ ರೀಲ್ಸ್ ಆಗಿ ನಮ್ಮ ಫೋನಿಗೆ ಬರುತ್ತೆ. 2016ರಲ್ಲಿ ಆರ್‌ಸಿಬಿ ಮೊದಲ ಏಳರಲ್ಲಿ ಎರಡೇ ಗೆದ್ದು, ಮುಂದಿನ ಏಳರಲ್ಲಿ ಆರು ಗೆದ್ದು ಫೈನಲ್‌ಗೆ ಹೋಗಿದ್ದು ಎಲ್ಲರಿಗೂ ಗೊತ್ತು. 2024ರ ಮುಂಬೈ ಎಂಟರಲ್ಲಿ ಮೂರು ಗೆದ್ದು, ಆಮೇಲೆ ಆರರಲ್ಲಿ ಒಂದೇ ಗೆದ್ದಿದ್ದು ಯಾರಿಗೆ ನೆನಪಿದೆ? ಆ ಏಪ್ರಿಲ್ 22ರಂದು ಮುಂಬೈ ನಮಗಿಂತ ನಾಲ್ಕು ಪಾಯಿಂಟ್ ಮುಂದಿತ್ತು.

2025ರಲ್ಲಿ ಇದೇ ಮುಂಬೈ ಮೊದಲ ಐದರಲ್ಲಿ ನಾಲ್ಕು ಸೋತಿತು. ಈ ಸಲ ಸುಳಿವು ಹೋದ ವರ್ಷದ ಆರ್‌ಸಿಬಿಗಿಂತ ಎಷ್ಟೋ ಸ್ಪಷ್ಟ. ನಾಲ್ಕರಲ್ಲಿ ಎರಡು ಸೋಲು, ಲಖನೌ ಮತ್ತು ಆರ್‌ಸಿಬಿ ವಿರುದ್ಧದ್ದು, ತಲಾ 12 ರನ್‌ನಿಂದ. ಗೆದ್ದ ಒಂದು ಪಂದ್ಯ ಕೆಕೆಆರ್ ಮೇಲೆ 8 ವಿಕೆಟ್‌ನಿಂದ. ಅಂದ್ರೆ ಗೆದ್ದಾಗ ದೊಡ್ಡದಾಗಿ, ಸೋತಾಗ ಸಣ್ಣದಾಗಿ. ಜೊತೆಗೆ ಏಪ್ರಿಲ್ 7ಕ್ಕೆ ಗಾಯದಿಂದ ಚೇತರಿಸಿಕೊಂಡ ಬುಮ್ರಾ ವಾಪಸ್. ಮುಂದೆ ಸಾಲಾಗಿ ಆರು ಗೆಲುವು. ಆರರಲ್ಲಿ ಕೊನೇದು ರಾಜಸ್ಥಾನದ ಮೇಲೆ 100 ರನ್‌ನಿಂದ.

ಅದೇ ವರ್ಷ ಇಳಿದವರು ಡೆಲ್ಲಿ. ಮೊದಲ ನಾಲ್ಕಕ್ಕೆ ನಾಲ್ಕೂ ಗೆದ್ದರು. ನಾಲ್ಕನೇದು ಚಿನ್ನಸ್ವಾಮಿಯಲ್ಲಿ ನಮ್ಮ ಮೇಲೇ. ಕೆ.ಎಲ್. ರಾಹುಲ್ 93 ಹೊಡೆದು, ಬ್ಯಾಟಿನಿಂದ ನೆಲದ ಮೇಲೆ ಗೆರೆ ಎಳೆದು, 'ಇದು ನನ್ನ ಜಾಗ' ಅಂತ ಕಾಂತಾರ ಸ್ಟೈಲ್‌ನಲ್ಲಿ ತೋರಿಸಿದ್ದು. ಹೊಟ್ಟೆ ಉರಿಯಿತು, ಹೆಮ್ಮೆಯೂ ಆಯಿತು, ಎರಡೂ ಒಟ್ಟಿಗೆ. ಎಂಟು ಪಂದ್ಯಕ್ಕೆ ಆರು ಗೆಲುವು ಇತ್ತು. ಒಳಗೆ ನೋಡಿದರೆ ಲಖನೌ ಮೇಲಿನ ಮೊದಲ ಗೆಲುವು ಒಂದೇ ವಿಕೆಟ್‌ನದು, ಸೋಲೋ ಪಂದ್ಯವನ್ನ ಅಶುತೋಷ್ ಶರ್ಮಾ ಕಿತ್ತುಕೊಂಡು ಬಂದದ್ದು. ರಾಜಸ್ಥಾನದ ಮೇಲೆ ಗೆದ್ದಿದ್ದು ಸೂಪರ್ ಓವರ್‌ನಲ್ಲಿ. ಆಮೇಲಿನ ಆರು ಪಂದ್ಯದಲ್ಲಿ ಗೆದ್ದಿದ್ದು ಒಂದು, ಮಳೆಗೆ ಹೋಗಿದ್ದು ಒಂದು. ಮೇ ತಿಂಗಳಲ್ಲಿ ಟೂರ್ನಿ ನಿಂತು ಮತ್ತೆ ಶುರುವಾದಾಗ ಮಿಚೆಲ್ ಸ್ಟಾರ್ಕ್ ವಾಪಸ್ ಬರಲಿಲ್ಲ, ಅದನ್ನ ಯಾವ ಶೀಟ್ ಕೂಡ ಏಪ್ರಿಲ್‌ನಲ್ಲಿ ಹೇಳೋಕೆ ಆಗ್ತಿರಲಿಲ್ಲ. ಮೊದಲ ನಾಲ್ಕೂ ಗೆದ್ದು ಪ್ಲೇ ಆಫ್ ತಲುಪದ ಮೊದಲ ತಂಡ ಅನ್ನೋ ಹೆಸರು ಡೆಲ್ಲಿಗೆ ಬಂತು.

ಆ ವರ್ಷದ ಆರ್‌ಸಿಬಿ ಇನ್ನೊಂದು ಬಗೆಯ ಒಗಟು. ಏಪ್ರಿಲ್ 18ರಂದು ಏಳರಲ್ಲಿ ನಾಲ್ಕು ಗೆಲುವು, ಮೂರು ಸೋಲು. ಸಾಧಾರಣ ತಂಡ ಅನ್ಸುತ್ತೆ. ಬಿಡಿಸಿ ನೋಡಿದರೆ ಹೊರಗಿನ ಊರಲ್ಲಿ ನಾಲ್ಕಕ್ಕೆ ನಾಲ್ಕು ಗೆಲುವು, ಮನೆಯಲ್ಲಿ ಮೂರಕ್ಕೆ ಮೂರು ಸೋಲು. ಚಿನ್ನಸ್ವಾಮಿಗೆ ದೃಷ್ಟಿಯಾಗಿದೆ, ಪಿಚ್ ನಮ್ಮದಲ್ಲ, ಪೂಜೆ ಮಾಡಿಸಬೇಕು ಅಂತೆಲ್ಲ ಮಾತು. ಮೂರರಲ್ಲೂ ಟಾಸ್ ಸೋತು ಮೊದಲು ಬ್ಯಾಟ್ ಮಾಡಿದ್ದರು ಅನ್ನೋದನ್ನ ಹೇಳಿದವರು ಕಮ್ಮಿ. ಮೂರು ಪಂದ್ಯ ಇಟ್ಟುಕೊಂಡು ಮೈದಾನಕ್ಕೆ ಶಾಪ ಅನ್ನೋದು, ಮೂರು ದಿನ ಟ್ರಾಫಿಕ್ ನೋಡಿ ಸಿಲ್ಕ್ ಬೋರ್ಡ್ ಬಗ್ಗೆ ಮಹಾಪ್ರಬಂಧ ಬರೆದ ಹಾಗೆ. (ಸಿಲ್ಕ್ ಬೋರ್ಡ್ ವಿಷಯದಲ್ಲಿ ಮೂರು ದಿನ ಸಾಕು, ಒಪ್ತೀನಿ.) ಮುಂದೆ ಅದೇ ಚಿನ್ನಸ್ವಾಮಿಯಲ್ಲಿ ರಾಜಸ್ಥಾನ, ಚೆನ್ನೈ ಇಬ್ಬರನ್ನೂ ಸೋಲಿಸಿದರು. ಹೊರಗೆ ಆಡಿದ ಏಳೂ ಲೀಗ್ ಪಂದ್ಯ ಗೆದ್ದರು, ಯಾವ ತಂಡವೂ ಹಿಂದೆ ಮಾಡಿರಲಿಲ್ಲ. ಜೂನ್ 3ರಂದು ಅಹಮದಾಬಾದ್‌ನಲ್ಲಿ ಪಂಜಾಬ್ ಮೇಲೆ 6 ರನ್‌ನಿಂದ ಕಪ್.

ಓಟದಲ್ಲಿರೋರು ಓಡ್ತಾನೇ ಇರ್ತಾರಾ?

ಚಿಕ್ಕಪ್ಪನ ಮಗನ ಕೊನೇ ವಾದ ಇದು. "ಟೇಬಲ್ ಬಿಡಣ್ಣ. ಸಾಲಾಗಿ ಗೆಲ್ತಿರೋರ ಮೇಲೆ ಹಾಕಿದ್ರೆ?"

ಇದು ಹಳೇ ಪ್ರಶ್ನೆ, ಬ್ಯಾಸ್ಕೆಟ್‌ಬಾಲ್‌ನಲ್ಲೇ ಹುಟ್ಟಿದ್ದು. ಸಾಲಾಗಿ ಬುಟ್ಟಿಗೆ ಹಾಕಿದವನು ಮುಂದಿನದನ್ನೂ ಹಾಕ್ತಾನೆ ಅನ್ನೋ ನಂಬಿಕೆಯನ್ನ 1985ರಲ್ಲಿ ಗಿಲೊವಿಚ್, ವಲೋನ್, ಟ್ವೆರ್ಸ್ಕಿ ಅನ್ನೋ ಮೂವರು ಪರೀಕ್ಷೆ ಮಾಡಿ, ಅಂಥ 'ಬಿಸಿ ಕೈ' ಇಲ್ಲ, ನಮ್ಮ ಮನಸ್ಸಿನ ಭ್ರಮೆ ಅಂದರು. ಮೂವತ್ತು ಚಿಲ್ಲರೆ ವರ್ಷ ಆದ ಮೇಲೆ ಮಿಲ್ಲರ್, ಸಂಹುರ್ಹೋ ಅನ್ನೋ ಇಬ್ಬರು ಆ ಲೆಕ್ಕದಲ್ಲೇ ಒಂದು ಸೂಕ್ಷ್ಮ ಓರೆ ಇದೆ, ಸ್ವಲ್ಪ ಬಿಸಿ ಇರಬಹುದು ಅಂತ ತೋರಿಸಿದರು. ನನ್ನ ಅಭಿಪ್ರಾಯ ಕೇಳಿದರೆ, ಇದ್ದರೂ ಅದು ನಾವು ಅಂದುಕೊಂಡಷ್ಟು ದೊಡ್ಡದಲ್ಲ. ಸಾಲು ಗೆಲುವಿನ ಹಿಂದೆ ಏನು ಬದಲಾಗಿದೆ ಅನ್ನೋದು ಮುಖ್ಯ. ಬುಮ್ರಾ ಬಂದಿದ್ದು ಬದಲಾವಣೆ. 'ಹವಾ ಇದೆ' ಅನ್ನೋದು ಬದಲಾವಣೆ ಅಲ್ಲ.

ರಾಲೀ ಗೆಳೆಯ ಇದಕ್ಕೆ ಒಪ್ಪಲ್ಲ. ಅವನ ಊರಿನ ಎನ್‌ಸಿ ಸ್ಟೇಟ್ ಕಾಲೇಜು ತಂಡ 2024ರಲ್ಲಿ ಲೀಗ್‌ನ ಕೊನೇ ನಾಲ್ಕು ಪಂದ್ಯ ಸೋತಿತ್ತು. ಆಮೇಲೆ ತಮ್ಮ ಗುಂಪಿನ ಟೂರ್ನಿಯಲ್ಲಿ ಐದು ದಿನದಲ್ಲಿ ಐದು ಪಂದ್ಯ ಗೆದ್ದು, ದೇಶದ ಕೊನೇ ನಾಲ್ಕು ತಂಡಗಳಲ್ಲಿ ಒಂದಾಯಿತು. ಆರ್‌ಸಿಬಿ ಓಟಕ್ಕೆ ಬರೀ ಒಂದು ತಿಂಗಳ ಮುಂಚೆ. 'ಇದನ್ನ ನಿನ್ನ ಯಾವ ಶೀಟ್ ಹೇಳ್ತಿತ್ತು?' ಅಂತ ಅವನ ಮೆಸೇಜ್. ಯಾವುದೂ ಇಲ್ಲ. ಅವರ ಟೂರ್ನಿಯ ಮಜಾನೇ ಅದು.

ಚಿಕ್ಕಪ್ಪನ ಮಗನಿಗೆ ನಾನು ಕೊಟ್ಟ ಉತ್ತರ 2024ರ ಮೇ 22. ಅಹಮದಾಬಾದ್, ಎಲಿಮಿನೇಟರ್. ಒಂದು ಕಡೆ ಸಾಲಾಗಿ ಆರು ಗೆದ್ದ ಆರ್‌ಸಿಬಿ. ಇನ್ನೊಂದು ಕಡೆ ಸಾಲಾಗಿ ನಾಲ್ಕು ಸೋತು, ಐದನೇದು ಮಳೆಗೆ ಕಳೆದುಕೊಂಡು, ಬಟ್ಲರ್ ಇಲ್ಲದೆ ಬಂದಿದ್ದ ರಾಜಸ್ಥಾನ. ನಮ್ಮ ಕಡೆಯೂ ಜ್ಯಾಕ್ಸ್ ಇರಲಿಲ್ಲ, ಅವರೂ ಇಂಗ್ಲೆಂಡ್‌ಗೆ ಹೋಗಿಯಾಗಿತ್ತು. ಇದನ್ನ ಆಗ ಯಾರೂ ಹೇಳ್ತಿರಲಿಲ್ಲ, ಎಲ್ಲರ ಬಾಯಲ್ಲೂ ಆರು ಗೆಲುವಿನ ಮಾತೇ. ಆರ್‌ಸಿಬಿ 172 ಹೊಡೆಯಿತು. ಅಶ್ವಿನ್ ನಾಲ್ಕು ಓವರ್‌ಗೆ 19 ರನ್ ಕೊಟ್ಟು ಎರಡು ವಿಕೆಟ್ ತೆಗೆದರು. ರಾಜಸ್ಥಾನ ಒಂದು ಓವರ್ ಉಳಿಸಿ, 4 ವಿಕೆಟ್‌ನಿಂದ ಗೆದ್ದಿತು. ಏರ್ತಿದ್ದವರು ಮನೆಗೆ, ಇಳೀತಿದ್ದವರು ಮುಂದಿನ ಸುತ್ತಿಗೆ.

2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ತಂದ ಮೇಲೆ ದುಡ್ಡು ಹಾಕೋ ಫ್ಯಾಂಟಸಿ ಆಟಗಳು ಬಂದ್ ಆದವು. ಚಿಕ್ಕಮ್ಮ ಅವತ್ತು ಫೋನ್ ಮಾಡಿ, ಸರ್ಕಾರ ಒಂದು ಒಳ್ಳೆ ಕೆಲಸ ಮಾಡ್ತು ಅಂದರು. ಕಾನೂನು ಬಂದ ಮಾತ್ರಕ್ಕೆ ಊರಿನಲ್ಲಿ ಬಾಯಿ ಮಾತಿನ ಬಾಜಿ ನಿಂತಿಲ್ಲ. ಹೋಟೆಲ್ ಮುಂದೆ, ಸ್ಟ್ಯಾಂಡ್ ಹತ್ತಿರ ನಡೀತಾನೇ ಇದೆ. ಇವನು ಮಾತ್ರ ಈಗ ದುಡ್ಡಿನ ತಂಟೆಗೆ ಹೋಗಲ್ಲ ಅಂತಾನೆ. ಬೈಕಿನ ಕಂತು ಮುಗಿದಿದೆ. ಎಂಟು ಪಂದ್ಯ ಆದ ಮೇಲೆ ಒಂದು ನೋಟ್‌ಬುಕ್‌ನಲ್ಲಿ ಹತ್ತೂ ತಂಡದ ಹೆಸರು ಬರೆದು, ಪಕ್ಕದಲ್ಲಿ ಬಾಕಿ ಎದುರಾಳಿ, ಹೊರಡೋ ಆಟಗಾರರು, ಕೊನೇ ಓವರ್‌ನಲ್ಲಿ ಗೆದ್ದಿದ್ದು ಎಷ್ಟು ಅಂತ ಕಾಲಂ ಹಾಕಿ ಫೋಟೋ ಕಳಿಸ್ತಾನೆ. ಕಾಲಂ ಮೇಲೆ 'ಹರಳು' ಅಂತ ಬರೆದಿರ್ತಾನೆ. ಮಾವನಿಗೆ ತೋರಿಸಿದನಂತೆ. ಇಷ್ಟು ಲೆಕ್ಕ ನಮ್ಮ ತೋಟಕ್ಕೆ ಬರೆದಿದ್ರೆ ಎಷ್ಟೋ ಉಪಯೋಗ ಆಗೋದು ಅಂದರಂತೆ ಅವರು.